ಮೂರು ಮನೆ ಕೇಳಿ ಬರೆದ ಸುದ್ದಿ

ಕಾಂಚನಾ ಕೂತಲ್ಲಿ ಕೂರುವ ಹುಡುಗಿಯೇ ಅಲ್ಲ. ಮೊಳಕಾಲ್ಮೂರಿನಿಂದ ಚಳ್ಳಕೆರೆಯ ಕಾಲೇಜಿಗೆ ದಿನಾ ಬರುವ ಬಸ್ಸಿನಲ್ಲಿ ಸೀಟು ಸಿಕ್ಕರೂ ಹಾನಗಲ್ ದಾಟುವಷ್ಟರಲ್ಲಿ ಎದ್ದು ನಿಂತಿರುತ್ತಾಳೆ, ತಳಕು ಬರುವ ಹೊತ್ತಿಗೆ ಡ್ರೈವರ್ ಹಿಂದಿನ ಕಂಬಿ ಹಿಡಿದು ಮುಂದಿನ ಗಾಜಿನಲ್ಲಿ ಇಣುಕುತ್ತಿರುತ್ತಾಳೆ. ಹೆಂಗಸರಿಗೆ ಕೂತರೂ ಝೀರೋ ಟಿಕೆಟ್, ನಿಂತರೂ ಝೀರೋ ಟಿಕೆಟ್, ಕೂರೋಕೇನು ಕಷ್ಟ ಎಂದು ಕಂಡಕ್ಟರ್ ಎಷ್ಟೋ ಸಲ ರೇಗಿಸಿದ್ದಾನೆ. ಅವಳ ಅವ್ವ ಸೂರಮ್ಮ ನೇಕಾರರ ಮನೆಗಳಿಗೆ ಮಗ್ಗದ ಲಾಳಿಯಲ್ಲಿಡುವ ಕಂಡಿಕೆ ಸುತ್ತಿಕೊಡುವವಳು, ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆ ಕೂತು ರೇಷ್ಮೆ ಎಳೆಯ ಮೇಲೆ ಕಣ್ಣಿಟ್ಟಿರುವವಳು. ತನ್ನ ಹೊಟ್ಟೆಯಲ್ಲಿ ಇಂಥದ್ದೊಂದು ಹೇಗೆ ಹುಟ್ಟಿತೋ ಎಂದು ಅವಳಿಗೇ ಸೋಜಿಗ. ಅಪ್ಪ ಅಂಜಿನೇಯ ಲಾರಿ ಡ್ರೈವರ್, ಹೋದರೆ ಹದಿನೈದು ದಿನ ಮನೆ ಕಡೆ ತಲೆ ಹಾಕುವುದಿಲ್ಲ. ಮಗಳ ಕಾಲಿಗೆ ಚಕ್ರ ಬಂದದ್ದು ಆ ಕಡೆಯಿಂದ ಎಂದು ತೀರ್ಮಾನ ಮಾಡಿ ಸೂರಮ್ಮ ಕೈ ತೊಳೆದುಕೊಂಡಿದ್ದಳು.

ಇಂಥ ಹುಡುಗಿಗೆ ಪತ್ರಿಕೋದ್ಯಮದ ಕ್ಲಾಸು ಸಿಕ್ಕಿದ್ದು ಕುಣಿಯುವವಳಿಗೆ ಅಂಗಳ ಸಿಕ್ಕಿದ ಹಾಗಾಯಿತು. ಕಾಲೇಜಿನಲ್ಲಿ ಆ ವಿಷಯ ತೆಗೆದುಕೊಂಡವರು ಹದಿನಾಲ್ಕೇ ಜನ. ಅವರೆಲ್ಲ ಸೇರಿ ತಿಂಗಳಿಗೊಂದು ಸಲ ನಾಲ್ಕು ಪುಟದ ಪತ್ರಿಕೆ ತರುತ್ತಿದ್ದರು, ಹೆಸರು ‘ಬಯಲು ಮಾತು’. ಸುದ್ದಿ ತರುವವರು, ಬರೆಯುವವರು, ತಿದ್ದುವವರು, ಪುಟ ಕಟ್ಟುವವರು ಎಲ್ಲ ವಿದ್ಯಾರ್ಥಿಗಳೇ. ವಿಶ್ವವಿದ್ಯಾಲಯದ ಕಾಗದಗಳಲ್ಲಿ ಅದಕ್ಕೆ ಪ್ರಯೋಗ ಪತ್ರಿಕೆ ಅನ್ನುತ್ತಾರೆ. ಅಂದರೆ ಅಂಕಕ್ಕಾಗಿ ಮಾಡುವ ಕೆಲಸ. ಹಾಗಂತ ಪ್ರಿನ್ಸಿಪಾಲ್ ಹಾಲೇಶಪ್ಪನವರು ತಿಳಿದಿದ್ದರು, ಹುಡುಗರಲ್ಲಿ ಮುಕ್ಕಾಲು ಪಾಲು ಹಾಗೇ ತಿಳಿದಿದ್ದರು. ಕಾಂಚನಾ ಮಾತ್ರ ಸಂಪಾದಕಿ ಎಂದು ತನ್ನ ಹೆಸರು ಅಚ್ಚಾದ ದಿನದಿಂದ ಊರ ಜವಾಬ್ದಾರಿಯೆಲ್ಲ ತನ್ನ ತಲೆ ಮೇಲೆ ಬಿದ್ದಂತೆ ಓಡಾಡುತ್ತಿದ್ದಳು.

ಪಾಠ ಹೇಳುವ ಸಿದ್ದಲಿಂಗೇಶ್ ಮೇಷ್ಟ್ರು ಎಣ್ಣೆ ಮಿಲ್ಲಿನ ಮನೆತನದವರು. ಗಲ್ಲಾಪೆಟ್ಟಿಗೆ ಮುಂದೆ ಕೂರುವುದು ಬಿಟ್ಟು ಅತಿಥಿ ಉಪನ್ಯಾಸಕನಾಗಿ ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕುವ ಈ ಮಗನ ಬುದ್ಧಿ ಅವರ ಮನೆಯವರಿಗೆ ಇನ್ನೂ ಅರ್ಥವಾಗಿಲ್ಲ. ಅವರು ಪುಸ್ತಕದ ಮಾತು ಕಡಿಮೆ ಹೇಳಿ ಎರಡು ಕಟ್ಟಳೆ ಮಾಡಿದ್ದರು. ಒಂದು, ಯಾವ ಸಂಗತಿಯನ್ನೇ ಆಗಲಿ ಮೂರು ಮನೆಯಲ್ಲಿ ಕೇಳದೆ ಬರೆಯಬಾರದು. ಇನ್ನೊಂದು, ಯಾವ ಊರಿನ ಸುದ್ದಿ ಬರೆದಿರೋ ಆ ಊರಿಗೆ ಪತ್ರಿಕೆಯನ್ನು ನೀವೇ ಒಯ್ದು, ನಾಲ್ಕು ಜನರೆದುರು ಓದಿ ಹೇಳಿ ಬರಬೇಕು. ಓದಲು ಬಾರದವರಿಗೂ ತಮ್ಮ ಬಗ್ಗೆ ಏನು ಅಚ್ಚಾಗಿದೆ ಎಂದು ಗೊತ್ತಾಗಬೇಕು ಎನ್ನುವುದು ಅವರ ವಾದ.

ಮಾರ್ಚ್ ಸಂಚಿಕೆಗೆ ಕಾಂಚನಾ ತಂದದ್ದು ಹೊನ್ನಜ್ಜನಹಟ್ಟಿಯ ಸುದ್ದಿ. ಪರಶುರಾಂಪುರದಿಂದ ಒಳಗೆ ಹೋಗುವ ಆ ಊರು ಸೂರಮ್ಮನ ತವರು. ಸೋದರಮಾವ ಜಂಪಣ್ಣನ ಮನೆಗೆ ಹೋದಾಗ ಮೇಲಿನ ಬೀದಿಗೆ ಐದು ದಿನದಿಂದ ನೀರಿಲ್ಲ ಎಂದು ಮಾವ ಹೇಳಿದ. ನೀರು ಬಿಡುವ ಕ್ಯಾತಣ್ಣ ತನ್ನ ಮನೆಯಿರುವ ಕೆಳಗಿನ ಬೀದಿಗೇ ಎಲ್ಲ ಹರಿಸುತ್ತಾನೆ, ಕೇಳಿದರೆ ಉರಿದು ಬೀಳುತ್ತಾನೆ ಎಂದೂ ಸೇರಿಸಿದ. ಕಾಂಚನಾ ಮೇಷ್ಟ್ರ ಕಟ್ಟಳೆ ಮರೆಯಲಿಲ್ಲ. ಎದ್ದು ಎರಡನೇ ಮನೆಗೆ ಹೋದಳು, ಮೂರನೇ ಮನೆಗೆ ಹೋದಳು. ಎರಡೂ ಕಡೆ ಅದೇ ಮಾತು, ಅದೇ ಐದು ದಿನ. ಬಸ್ಸಿನಲ್ಲೇ ಅರ್ಧ ಬರೆದು ಮುಗಿಸಿದಳು. ಮೊದಲ ಪುಟದ ತಲೆಯ ಮೇಲೆ ‘ನೀರು ಬಿಡುವವನ ಮನಸ್ಸು ಬಂದರೆ ಮಾತ್ರ ನೀರು’ ಎಂದು ದಪ್ಪಕ್ಷರದಲ್ಲಿ ಬಂತು. ಪತ್ರಿಕೆ ಒಯ್ದು ಮಾವನ ಮನೆಯ ಜಗಲಿಯಲ್ಲಿ ನಿಂತು ಓದಿದಾಗ ಮೇಲಿನ ಬೀದಿಯವರು ಸೇರಿ ಚಪ್ಪಾಳೆ ತಟ್ಟಿದರು. ಜಂಪಣ್ಣ ನಮ್ಮ ಸೂರಿ ಮಗಳು ಎಂದು ಎಲ್ಲರಿಗೂ ಪತ್ರಿಕೆ ತೋರಿಸಿ ಬೀಗಿದ. ಕೆಳಗಿನ ಬೀದಿಗೆ ಹೋಗಿ ಓದಬೇಕು ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬಸ್ಸಿಗೆ ಹೊತ್ತಾಗುತ್ತಿತ್ತು.

ಹತ್ತು ದಿನದ ಮೇಲೆ ಒಂದು ಮಧ್ಯಾಹ್ನ ಕಾಲೇಜಿನ ಬೇವಿನ ಮರದ ಕೆಳಗೆ ಐವತ್ತು ದಾಟಿದ ಒಬ್ಬ ಮನುಷ್ಯ ನಿಂತಿದ್ದ. ಪತ್ರಿಕೆ ಬರೆಯುವ ಹುಡುಗಿ ಯಾರು ಎಂದು ಕೇಳುತ್ತಿದ್ದಾನೆ ಎಂದು ಯಾರೋ ಬಂದು ಹೇಳಿದರು. ಸುದ್ದಿ ಬಂದ ಮೇಲೆ ಬೇರೆ ಊರಿನವರು ತಮ್ಮ ಕಷ್ಟ ಹೇಳಿಕೊಳ್ಳಲು ಹುಡುಕಿಕೊಂಡು ಬರುವುದು ಇತ್ತು. ಕಾಂಚನಾ ಪೆನ್ನಿನ ಮುಚ್ಚಳ ತೆಗೆದುಕೊಂಡೇ ಓಡಿಬಂದಳು.

ಅವನು ಜೇಬಿನಿಂದ ನಾಲ್ಕು ಮಡಿಕೆಯ ‘ಬಯಲು ಮಾತು’ ತೆಗೆದು, ತಾನೇ ಕ್ಯಾತಣ್ಣ ಎಂದ. ಆ ಸುದ್ದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಊರಿನವರೆಲ್ಲ ಹಂಚಿಕೊಂಡಿದ್ದರು, ಯಾರೋ ಕತ್ತರಿಸಿ ಪಂಚಾಯ್ತಿ ಗೋಡೆಗೂ ಅಂಟಿಸಿದ್ದರು. ಪೇಪರಿನಲ್ಲೇ ಬಂದ ಮೇಲೆ ಇನ್ನೇನು ವಿಚಾರಣೆ ಎಂದು ಪಂಚಾಯ್ತಿಯವರು ಹದಿನಾರು ವರ್ಷದಿಂದ ವಾಲ್ವ್ ತಿರುಗಿಸುತ್ತಿದ್ದವನ ಕೈಯಿಂದ ಕೀಲಿ ಈಸಿಕೊಂಡು, ನಾಳೆಯಿಂದ ಬರಬೇಡ ಅಂದಿದ್ದರು. ಇಷ್ಟನ್ನೂ ಅವನು ದನಿ ಎತ್ತದೆ, ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದ. ಬೈದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

“ಮೂರು ಮನೆ ಕೇಳಿದೀನಿ ಅಂತ ಬರ್ದೀಯ ತಾಯಿ. ಯಾರ ಮ್ಯಾಲೆ ಬರೀತೀಯೋ ಅವನ ಮನೆ ಆ ಮೂರರಾಗೆ ಒಂದಾಗ್ಬಾರ್ದಿತ್ತಾ?”

ನಾವಿನ್ನೂ ವಿದ್ಯಾರ್ಥಿಗಳು, ಇದು ಕಲಿಯೋ ಪತ್ರಿಕೆ ಎಂದು ಕಾಂಚನಾ ತಡವರಿಸಿದಳು. ಹೇಳುತ್ತಿರುವಾಗಲೇ ಆ ಮಾತು ತನ್ನ ಕಿವಿಗೇ ಹೊಲಸಾಗಿ ಕೇಳಿತು.

“ಕಲಿಯಾಕೆ ನಾನೇ ಬೇಕಾಗಿತ್ತಾ?” ಎಂದ ಕ್ಯಾತಣ್ಣ.

ಆಮೇಲೆ ಅವನು ವಿಷಯ ಬಿಡಿಸಿ ಹೇಳಿದ. ಮೇಲಿನ ಬೀದಿಯ ಹನ್ನೊಂದು ಮನೆಯವರು ನಲ್ಲಿಗೆ ಮೋಟರ್ ಹಾಕಿ ನೀರು ಎಳೆಯುತ್ತಾರೆ. ಅವರ ಮೋಟರ್ ಓಡುತ್ತಿದ್ದರೆ ಕೆಳಗಿನ ಬೀದಿಯ ನಲ್ಲಿಗಳಿಗೆ ತೊಟ್ಟು ನೀರೂ ಇಳಿಯುವುದಿಲ್ಲ. ಹೇಳಿ ಹೇಳಿ ಸಾಕಾಗಿ ಅವನು ಒಂದು ದಿನ ಅವರಿಗೆ, ಒಂದು ದಿನ ಇವರಿಗೆ ಎಂದು ಸರದಿ ಹಾಕಿದ್ದ. ದಿನಾ ತೊಟ್ಟಿ ತುಂಬಿಸಿಕೊಂಡು ಎಮ್ಮೆ ತೊಳೆಯುತ್ತಿದ್ದವರಿಗೆ ಅದನ್ನು ಸಹಿಸಲಾಗಲಿಲ್ಲ. ನಿಮ್ಮ ಮಾವನ ಮನೇಲೂ ಮೋಟರ್ ಐತೆ, ಹೋಗಿ ನೋಡು ಎಂದು ಹೇಳಿ ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ನೋಡಲು ಹೋಗುವ ಅಗತ್ಯವೇ ಇರಲಿಲ್ಲ. ಅವಳು ಆಗಲೇ ನೋಡಿದ್ದಳು. ಅಂದು ಮಾವನ ಮನೆಯಲ್ಲಿ ಮೊಬೈಲ್ ಚಾರ್ಜ್ ಇಳಿದಿತ್ತು, ಜಗಲಿಯ ಗೋಡೆಗೆ ಇದ್ದದ್ದು ಒಂದೇ ಪ್ಲಗ್ಗು. ಅದರಲ್ಲಿದ್ದ ನೀಲಿ ಮೋಟರಿನ ವೈರನ್ನು ತನ್ನ ಕೈಯಾರೆ ಕಿತ್ತು ಚಾರ್ಜರ್ ಸಿಕ್ಕಿಸಿದ್ದಳು. ತೊಟ್ಟಿ ತುಂಬೈತೆ, ಕಿತ್ತಾಕು ಎಂದು ಅತ್ತೆ ಒಳಗಿನಿಂದ ಹೇಳಿದ್ದೂ ಕೇಳಿತ್ತು. ಆಮೇಲೆ ತಣ್ಣನೆ ನೀರು ಕುಡಿದು ಐದು ದಿನದಿಂದ ನೀರಿಲ್ಲ ಎಂದು ಬರೆದುಕೊಂಡಿದ್ದಳು. ಎರಡನೇ ಮನೆ ಮಾವನ ದೊಡ್ಡಪ್ಪನ ಮಗನದು, ಮೂರನೇ ಮನೆ ಮಾವನ ಮಗಳನ್ನು ಕೊಟ್ಟ ಮನೆ. ಬೇರೆ ಊರಾಗಿದ್ದರೆ ಈ ಮನೆಗೂ ಆ ಮನೆಗೂ ಏನು ಸಂಬಂಧ ಎಂದು ಮೊದಲು ಕೇಳುತ್ತಿದ್ದಳು. ಅವ್ವನ ತವರಿನಲ್ಲಿ ಏನು ಕೇಳುವುದು, ಕಾಲಿಟ್ಟ ಮನೆಯೆಲ್ಲ ನೆಂಟರದೇ. ಎಲ್ಲ ಕಡೆ ಊಟಕ್ಕೆ ಏಳು ಅಂದರು, ಎಲ್ಲ ಕಡೆ ನಂಬಿದಳು.

ಆ ವಾರ ಅವಳು ಕ್ಲಾಸಿನಲ್ಲಿ ಕೂರಲಾಗದೆ ಎದ್ದುಹೋಗುವಳು, ಲೈಬ್ರರಿಗೆ ಹೋಗಿ ಪುಸ್ತಕ ತೆಗೆಯದೆ ಬರುವಳು. ಗುರುವಾರ ಯಾರಿಗೂ ಹೇಳದೆ ಪರಶುರಾಂಪುರದ ಬಸ್ ಹತ್ತಿದಳು. ಹೊನ್ನಜ್ಜನಹಟ್ಟಿಯಲ್ಲಿ ಇಳಿದು ಮಾವನ ಮನೆಯ ಕಡೆ ತಿರುಗದೆ ಮೊದಲ ಸಲ ಕೆಳಗಿನ ಬೀದಿಗೆ ಹೋದಳು. ಹನ್ನೊಂದು ಗಂಟೆಗೆ ಹೊಸ ಮನುಷ್ಯ ನೀರು ಬಿಟ್ಟ. ಹೆಂಗಸರು ಕೊಡ ಸಾಲಿಗಿಟ್ಟು ಕೂತರು. ನಲ್ಲಿಯಲ್ಲಿ ಬೆರಳು ಗಾತ್ರದ ನೀರು ಬಂತು, ಒಂದು ಕೊಡ ತುಂಬುವ ಮೊದಲೇ ದಾರದಷ್ಟಾಯಿತು, ಆಮೇಲೆ ಬರೀ ಗಾಳಿ ಉಸ್ಸೆಂದಿತು. ಕಾಂಚನಾ ದುಪಟ್ಟಾ ತಲೆ ಮೇಲೆ ಎಳೆದುಕೊಂಡು ಮೇಲಿನ ಬೀದಿಯ ಹಿತ್ತಲುಗಳ ಹಿಂದೆ ನಡೆಯುತ್ತಾ ಹೋದಳು. ಮನೆಮನೆಯಲ್ಲೂ ಮೋಟರಿನ ಗುಂಯ್ ಸದ್ದು. ಎಣಿಸಿದಳು, ಕ್ಯಾತಣ್ಣ ಹೇಳಿದ ಲೆಕ್ಕ ಸರಿಯಾಗಿತ್ತು. ಮಾವನ ಮನೆಯ ಹಿಂದೆ ನಿಂತಾಗ ಒಳಗೆ ಅತ್ತೆ ಯಾರಿಗೋ ತೊಟ್ಟಿ ತುಂಬಿತೇನೋ ನೋಡು ಎನ್ನುವುದು ಕೇಳಿ ಅವಳಿಗೆ ನಾಚಿಕೆಯಿಂದ ಅಳು ಬಂತು.

ಮೇಷ್ಟ್ರಿಗೆ ಎಲ್ಲ ಹೇಳಿದಳು. ಅವರು ಬೈಯಲಿಲ್ಲ. ಮೂರು ಮನೆ ಅಂದರೆ ಮೂರು ಬಾಗಿಲು ಅಂತ ನಾನು ಹೇಳಿಕೊಟ್ಟುಬಿಟ್ಟೆ ಎಂದು ತಮ್ಮನ್ನೇ ಬೈದುಕೊಂಡು, ಅವಳನ್ನು ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದರು. ಏಪ್ರಿಲ್ ಸಂಚಿಕೆಯ ಮೊದಲ ಪುಟದಲ್ಲಿ, ಅದೇ ಜಾಗದಲ್ಲಿ, ಅದೇ ದಪ್ಪಕ್ಷರದಲ್ಲಿ ತಪ್ಪೊಪ್ಪಿಗೆ ಹಾಕಬೇಕು ಎಂದರು. ಹಾಲೇಶಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವಿದ್ಯಾರ್ಥಿ ಪತ್ರಿಕೆಗಳ ಸ್ಪರ್ಧೆಗೆ ಈ ವರ್ಷದ ಸಂಚಿಕೆಗಳೆಲ್ಲ ಹೋಗಬೇಕು, ಈಗ ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಳ್ಳುವುದೇ ಎಂದರು. ನಾಲ್ಕನೇ ಪುಟದ ಮೂಲೆಯಲ್ಲಿ ಎರಡು ಸಾಲು ಹಾಕಿ ಮುಗಿಸಿ, ಎಷ್ಟಾದರೂ ಇದು ಹುಡುಗರ ಪ್ರಯೋಗ ತಾನೆ ಎಂದರು.

ಜೂನ್ ತಿಂಗಳಲ್ಲಿ ಸಿದ್ದಲಿಂಗೇಶ್ ಮತ್ತೆ ಅರ್ಜಿ ಹಾಕಬೇಕಾದದ್ದು ಇದೇ ಮೇಜಿಗೆ. ಅವರು ಪ್ರಿನ್ಸಿಪಾಲರಿಗೆ ಎದುರಾಡಿದ್ದನ್ನು ಕಾಲೇಜಿನಲ್ಲಿ ಯಾರೂ ಕಂಡಿರಲಿಲ್ಲ. ಅಂದು ಆಡಿದರು.

“ಸರ್, ಪರೀಕ್ಷೆಗೆ ಕೂತವರು ನಮ್ಮ ಹುಡುಗರು. ಫೇಲಾದವನು ಕ್ಯಾತಣ್ಣ.”

ಹಾಲೇಶಪ್ಪನವರು ಕನ್ನಡಕ ಮತ್ತೆ ಹಾಕಿಕೊಂಡರು. ಏನಾದರೂ ಮಾಡಿಕೊಳ್ಳಿ, ಆದರೆ ಆ ಸಂಚಿಕೆಯ ಮೇಲೆ ಕಾಲೇಜಿನ ಲಾಂಛನ ಇರಕೂಡದು, ಸ್ಪರ್ಧೆಗೂ ಕಳಿಸುವುದಿಲ್ಲ ಎಂದು ಎದ್ದರು. ಕಾಂಚನಾಳಿಗೆ ಅಷ್ಟೇ ಸಾಕಾಗಿತ್ತು. ಪುಟ ಕಟ್ಟುವ ಕಿರಣ್‌ಕುಮಾರನಿಗೆ ಸಾಕಾಗಿರಲಿಲ್ಲ. ವರ್ಷವಿಡೀ ಕಣ್ಣು ಕೆಂಪು ಮಾಡಿಕೊಂಡು ಪುಟ ಕಟ್ಟಿದವನು ನಾನು, ಬಹುಮಾನ ಹಾಳಾದದ್ದು ನಿನ್ನ ನೆಂಟರಿಂದ ಎಂದು ಗೊಣಗಿದ. ಗೊಣಗುತ್ತಲೇ ಲಾಂಛನ ತೆಗೆದ ಜಾಗ ಬೋಳಾಗಿ ಕಾಣದಂತೆ ಪತ್ರಿಕೆಯ ಹೆಸರನ್ನು ಅತ್ತ ಸರಿಸಿ ಕೊಟ್ಟ.

ಕಷ್ಟವಾದದ್ದು ಮನೆಯಲ್ಲಿ. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಅವ್ವನಿಗೆ ಓದಿ ಹೇಳಿದಳು. ಸೂರಮ್ಮ ರಾಟೆ ನಿಲ್ಲಿಸಿ ಕೇಳಿದಳು. ಕ್ಯಾತಣ್ಣನಿಗೆ ಅನ್ಯಾಯವಾಗಿದೆ ಎನ್ನುವಲ್ಲಿ ತಲೆಯಾಡಿಸಿದಳು. ಹನ್ನೊಂದು ಮನೆಗಳಲ್ಲಿ ಮೋಟರ್ ಇದೆ ಎನ್ನುವಲ್ಲಿ ಕೈಯಲ್ಲಿದ್ದ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಅವುಗಳಲ್ಲಿ ಒಂದು ವರದಿಗಾರ್ತಿಯ ಸೋದರಮಾವ ಜಂಪಣ್ಣನವರ ಮನೆ, ವಿಚಾರಿಸಿದ ಮೂರೂ ಮನೆಗಳು ಅವರ ಸಂಬಂಧಿಕರವೇ ಎನ್ನುವ ಸಾಲು ಬಂದಾಗ ಎದ್ದು ನಿಂತಳು.

“ಹನ್ನೊಂದು ಮನೆ ಅಂತ ಬರಿ, ಯಾರು ಬ್ಯಾಡ ಅಂದ್ರು. ಅದ್ರಾಗೆ ನಮ್ಮಣ್ಣನ ಮನೆ ಅಂತ ಯಾಕೆ ಬರೀಬೇಕು? ನಂಗೆ ಈ ಭೂಮಿ ಮ್ಯಾಲೆ ತವರು ಅಂತ ಇರೋದು ಅದೊಂದು ಬಾಗ್ಲು ಕಣೇ.”

ಆ ಸಾಲು ಬಿಟ್ಟರೆ ಸುಳ್ಳಿನ ಮೇಲೆ ಇನ್ನೊಂದು ಸುಳ್ಳಾಗುತ್ತದೆ ಎಂದು ಕಾಂಚನಾ ವಾದಿಸಿದಳು. ಸೂರಮ್ಮ ವಾದಕ್ಕೆ ಬರಲಿಲ್ಲ. ಎರಡು ಹೆರಿಗೆಗೂ ತನ್ನನ್ನು ಕರೆದುಕೊಂಡು ಹೋದವನು ಅವನೇ, ನೀನು ಕಣ್ಣು ಬಿಟ್ಟದ್ದೇ ಆ ಮನೆಯ ನಡುಮನೆಯಲ್ಲಿ, ಗಂಡ ಲಾರಿ ಮೇಲೆ ಹೋದಾಗಲೆಲ್ಲ ಒಂದು ಮೂಟೆ ಜೋಳ ಬಸ್ಸಿಗೆ ಹಾಕಿ ಕಳಿಸಿದವನೂ ಅವನೇ ಎಂದು ಒಂದೊಂದೇ ನೆನೆಸಿಕೊಂಡು ಹೇಳಿದಳು. ಎಲ್ಲವೂ ನಿಜ. ಕಾಂಚನಾ ನೋಡ್ತೀನಿ ಅಂದಳು. ಅದೊಂದು ಮಾತು ಅವಳು ಆಡಬಾರದಿತ್ತು. ಅವ್ವ ಅದನ್ನು ಒಪ್ಪಿಗೆ ಎಂದು ತಿಳಿದು ಸಮಾಧಾನವಾಗಿ ರಾಟೆಗೆ ಕೂತಳು. ಮಾರನೇ ದಿನ ಮಗಳು ಪ್ರೆಸ್ಸಿನ ಮುಂದೆ ಅರ್ಧ ಗಂಟೆ ಹಿಂದಕ್ಕೂ ಮುಂದಕ್ಕೂ ತಿರುಗಾಡಿ, ಸಾಲು ತೆಗೆಯದೆ ಕೊಟ್ಟುಬಂದಳು. ಮನೆಗೆ ಬಂದು ಹೇಳಲು ಧೈರ್ಯ ಸಾಲಲಿಲ್ಲ. ಊರಿನ ತಪ್ಪೆಲ್ಲ ಅಚ್ಚು ಹಾಕಲು ಹೊರಟವಳು ಅವ್ವನ ಮುಂದೆ ಬಾಯಿ ಮುಚ್ಚಿಕೊಂಡಳು.

ಪತ್ರಿಕೆ ಒಯ್ಯುವ ಶನಿವಾರ ಸೂರಮ್ಮ ತಾನೂ ಬರ್ತೀನಿ ಎಂದು ಸೀರೆ ಬದಲಾಯಿಸಿ ನಿಂತಳು. ಮಗಳು ಮೇಲಿನ ಬೀದಿಯವರ ಮಾತು ಕೇಳಬೇಕಾಗುತ್ತದೆ, ಅಣ್ಣನನ್ನು ತಾನು ಸಮಾಧಾನ ಮಾಡುತ್ತೇನೆ ಎನ್ನುವುದು ಅವಳ ಲೆಕ್ಕ. ಬಸ್ಸಿನಲ್ಲಿ ನಾಲ್ಕು ಸಲ ಕಾಂಚನಾ ಹೇಳಲು ಬಾಯಿ ತೆಗೆದಳು, ನಾಲ್ಕು ಸಲವೂ ಬೇರೆ ಏನೋ ಹೇಳಿದಳು.

ಓದಲು ಈ ಸಲ ನೀರಿನ ಟ್ಯಾಂಕಿನ ಕೆಳಗೆ ನಿಂತಳು, ಎರಡು ಬೀದಿಗೂ ಅದು ಸಮ. ಕೆಳಗಿನ ಬೀದಿಯ ಹೆಂಗಸರು ಕೊಡಗಳ ಜೊತೆಗೇ ಬಂದರು. ಕ್ಯಾತಣ್ಣ ಹೆಂಡತಿ ಉಚ್ಚಂಗೆಮ್ಮನ ಜೊತೆ ಗುಂಪಿನ ಅಂಚಿನಲ್ಲಿ ನಿಂತ. ಪಂಚಾಯ್ತಿಯ ಒಬ್ಬ ಮೆಂಬರ್ ಬೈಕಿನ ಮೇಲೆ ಕೂತೇ ಕೇಳುತ್ತಿದ್ದ. ಜಂಪಣ್ಣ ತಂಗಿಯನ್ನು ಕಂಡು ಹೆಗಲ ಟವಲು ಸರಿಮಾಡಿಕೊಳ್ಳುತ್ತಾ ಹತ್ತಿರ ಬಂದು, ಯಾವಾಗ ಬಂದೆ ಸೂರಿ, ನೇರ ಮನೆಗೆ ಬರೋದಲ್ವಾ ಎಂದು ನಕ್ಕ.

ಕಾಂಚನಾ ಓದಲು ಶುರು ಮಾಡಿದಳು. ಕಳೆದ ಸಂಚಿಕೆಯಲ್ಲಿ ಕ್ಯಾತಣ್ಣನವರ ಬಗ್ಗೆ ನಾವು ಬರೆದದ್ದು ತಪ್ಪು, ಅವರನ್ನು ಕೇಳದೆಯೇ ಬರೆದೆವು. ಅವರು ನೀರು ನಿಲ್ಲಿಸಿರಲಿಲ್ಲ, ಎರಡೂ ಬೀದಿಗೆ ಸಿಗಲೆಂದು ಸರದಿ ಹಾಕಿದ್ದರು. ಮುಂದಿನದು ಆ ಸಾಲು. ಅದನ್ನು ಹಾರಿಸಿ ಓದಬಹುದಿತ್ತು. ಅಲ್ಲಿದ್ದವರಲ್ಲಿ ಯಾರೂ ಆಗಲೇ ಪತ್ರಿಕೆ ಬಿಡಿಸಿ ನೋಡುತ್ತಿರಲಿಲ್ಲ, ಅವ್ವನಿಗಂತೂ ಓದೇ ಬರುವುದಿಲ್ಲ. ಕಾಂಚನಾ ತಲೆಯೆತ್ತಿದಳು. ಅವ್ವ ಅಣ್ಣನ ಪಕ್ಕದಲ್ಲಿ, ಮಗಳ ಮೇಲೆ ನಂಬಿಕೆಯಿಟ್ಟು ನಿಂತಿದ್ದಳು. ಆಚೆ ಕ್ಯಾತಣ್ಣ ನಿಂತಿದ್ದ, ಅವನ ಮುಖದಲ್ಲಿ ನಂಬಿಕೆ ಗಿಂಬಿಕೆ ಏನೂ ಇರಲಿಲ್ಲ.

ಓದಿದಳು. ಮಾವನ ಹೆಸರು, ಮೂರು ಮನೆಗಳ ಸಂಬಂಧ, ತಾನೇ ಕಿತ್ತ ಮೋಟರಿನ ಪ್ಲಗ್ಗು, ಎಲ್ಲ ಓದಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಲಿನ ಬೀದಿಯವರು ಒಬ್ಬೊಬ್ಬರೇ ಕರಗಿದರು. ಮೆಂಬರ್ ಬೈಕ್ ಚಾಲೂ ಮಾಡುತ್ತಾ, ಮೀಟಿಂಗಿನಲ್ಲಿ ಇಡ್ತೀವಿ, ಇವನ ಕೀಲಿ ಇವನಿಗೇ ಕೊಡೋದು ನ್ಯಾಯ ಎಂದು ಹೋದ. ಕ್ಯಾತಣ್ಣ ಒಂದು ಪ್ರತಿ ಕೇಳಿ ಈಸಿಕೊಂಡ. ಹೋದ ಪೇಪರ್ ಓದಿದೋರೆಲ್ಲ ಇದನ್ನೂ ಓದ್ತಾರೇನು ತಾಯಿ ಎಂದು ಕೇಳಿದ. ಎಲ್ಲರೂ ಓದಲ್ಲ ಕ್ಯಾತಣ್ಣ ಎಂದು ಕಾಂಚನಾ ನಿಜವನ್ನೇ ಹೇಳಿದಳು. ಅವನು ತಲೆಯಾಡಿಸಿ ಹೋದ.

ಟ್ಯಾಂಕಿನ ಕೆಳಗೆ ಉಳಿದವರು ಮೂರೇ ಜನ. ಜಂಪಣ್ಣ ಸೋದರಸೊಸೆಯ ಕಡೆ ಕಣ್ಣೂ ಹಾಯಿಸಲಿಲ್ಲ. ನಡುಹಗಲು, ಊಟದ ಹೊತ್ತು. ತಂಗಿ ಬಂದಾಗ ಒಲೆ ಆರಿದ್ದರೂ ಹೊತ್ತಿಸಿ ಉಣ್ಣಿಸದೆ ಕಳಿಸಿದವನಲ್ಲ ಅವನು. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಕೇಳಿದ.

“ಸೂರಿ, ಬಸ್ಸು ಎಷ್ಟೊತ್ತಿಗೆ?”

“ಒಂದೂವರೆಗೈತಣ್ಣ” ಎಂದಳು ಸೂರಮ್ಮ.

ಅವನು ಹೂಂ ಎಂದು ಮೇಲಿನ ಬೀದಿಗೆ ತಿರುಗಿದ. ಅವನು ಮನೆ ಸೇರಿ ಬಾಗಿಲು ಹಾಕಿಕೊಳ್ಳುವವರೆಗೆ ಸೂರಮ್ಮ ನೋಡುತ್ತಲೇ ನಿಂತಿದ್ದಳು.

ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತರು. ಪರಶುರಾಂಪುರ ದಾಟಿತು, ಚಳ್ಳಕೆರೆಯಲ್ಲಿ ಬಸ್ಸು ಬದಲಾಯಿಸಿದರು, ತಳಕು ದಾಟಿತು. ಅವ್ವ ಬೈಯಲಿ, ಎಲ್ಲರ ಮುಂದೆ ಕೆನ್ನೆಗೆ ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾಂಚನಾ ಕಾಯುತ್ತಿದ್ದಳು. ನಿಂಗೆ ಮೊದಲೇ ಹೇಳಬೇಕಿತ್ತು ಅವ್ವ, ತಪ್ಪಾಯ್ತು ಎಂದಳು. ಸೂರಮ್ಮ ಹಾನಗಲ್ ಹತ್ತಿರ ಬಂದಾಗ ಮಡಿಲಿನ ಮೇಲೆ ಕಣ್ಣಿಟ್ಟೇ ಮಾತಾಡಿದಳು.

“ಅಣ್ಣನ ಹೆಸರು ಬಂದಾಗ ನಿನ್ನ ದನಿ ಸಣ್ಣ ಆಯ್ತು. ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ. ಓದೋದಾದ್ರೆ ಎಲ್ಲಾರಿಗೂ ಕೇಳಂಗೆ ಓದ್ಬೇಕಿತ್ತು.”

ಅಷ್ಟು ಹೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ತವರು ಕಳೆದುಕೊಂಡ ಆ ಹೆಂಗಸು ಮೊಳಕಾಲ್ಮೂರು ಬರುವವರೆಗೆ ಅತ್ತಳು.